ಕಾಲು ನೋಡುವ ಊರು

ನಮ್ಮೂರಿನಲ್ಲಿ ಇಂಗ್ಲಿಷ್ ಮಾತಾಡುವವರ ಮುಖವನ್ನು ಯಾರೂ ನೋಡುವುದಿಲ್ಲ, ಕಾಲು ನೋಡುತ್ತಾರೆ. ಹೀಗಿದೆ, ಹೀಗಾಯಿತು ಎಂದು ಇಂಗ್ಲಿಷಿನಲ್ಲಿ ಖಂಡಿತವಾಗಿ ಹೇಳಿದವನ ಕಾಲನ್ನು ನೆಲ ಹಿಡಿದುಕೊಳ್ಳುತ್ತದೆ. ಆಧಾರ ಕೊಟ್ಟ ಮೇಲೆ ಬಿಡುತ್ತದೆ. ಆಧಾರವೆಂದರೆ ಕಚೇರಿಯ ಮೊಹರಿರುವ ಒಂದು ಕಾಗದ, ಇಲ್ಲವೇ ‘ನಾನು ಕಂಡೆ, ನಾನು ಕೇಳಿದೆ’ ಎಂದು ಇಂಗ್ಲಿಷಿನಲ್ಲೇ ಹೇಳುವ ಒಬ್ಬ ಮನುಷ್ಯ. ಕಾಗದ ನಿಜದ್ದೋ ಸುಳ್ಳೋ, ಕಂಡೆ ಎಂದವನು ಕಂಡಿದ್ದನೋ ಇಲ್ಲವೋ ಎಂದು ನೆಲ ವಿಚಾರಿಸುವುದಿಲ್ಲ. ಅದಕ್ಕೆ ಅಷ್ಟು ವ್ಯವಧಾನವಿಲ್ಲ. ಕನ್ನಡದಲ್ಲಾದರೆ ಏನು ಬೇಕಾದರೂ ಹೇಳಬಹುದು. ಆಣೆ ಇಡಬಹುದು, ಶಪಿಸಬಹುದು, ಸೂರ್ಯ ನಮ್ಮ ಹಿತ್ತಲಲ್ಲೇ ಮುಳುಗುವುದು ಎನ್ನಬಹುದು. ಕಾಲು ಸಲೀಸಾಗಿ ಏಳುತ್ತದೆ. ಹಾಗಾಗಿಯೇ ಕಚೇರಿಗಳಲ್ಲಿ ಕನ್ನಡದ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ಇದನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ಇದರಿಂದ ನಮಗೇನೂ ದೊಡ್ಡ ತೊಂದರೆಯಿಲ್ಲ. ಹೊಂದಿಕೊಂಡಿದ್ದೇವೆ. ಪ್ರತಿ ಮನೆಯಲ್ಲೂ ನಿಂತವರ ಸ್ಟೂಲು ಎಂದು ಒಂದು ಇರುತ್ತದೆ, ನಡುವೆ ತೂತು ಕೊರೆದದ್ದು. ಕಾಲು ಹಿಡಿಸಿಕೊಂಡವರು ಕೂರಬಹುದು, ಕೀಳುವಂತಿಲ್ಲ. ಎಳೆಯಲೂ ಬಾರದು, ಹಿಂದೊಮ್ಮೆ ನಾಲ್ಕು ಜನ ಸೇರಿ ಒಬ್ಬ ಅಮಲ್ದಾರರನ್ನು ಎತ್ತಲು ಹೋಗಿ ಅವರ ಮಂಡಿ ಮುರಿದಿತ್ತು. ಮದುವೆಯೊಂದರಲ್ಲಿ ಹೆಣ್ಣಿನ ತಂದೆ ಬೀಗರ ಮುಂದೆ ಜಂಬಕ್ಕೆ, ನನ್ನ ಮಗಳು ಇಡೀ ಕಾಲೇಜಿಗೇ ಮೊದಲು ಎಂದು ಇಂಗ್ಲಿಷಿನಲ್ಲಿ ಅಂದುಬಿಟ್ಟು, ಮಾರ್ಕ್ಸ್ ಕಾರ್ಡು ತರುವವರೆಗೆ ಛತ್ರದ ಬಾಗಿಲಲ್ಲೇ ನಿಂತಿದ್ದರು. ಧಾರೆ ಎರೆಯಲು ಮಂಟಪವನ್ನೇ ಅವರ ಹತ್ತಿರಕ್ಕೆ ತಂದರು. ಶಾಲೆಯಲ್ಲಿ ಒಂದನೇ ಪಾಠದಿಂದ ‘ನನ್ನ ತಂದೆ ಒಳ್ಳೆಯವರು’ ಎಂಬ ಇಂಗ್ಲಿಷ್ ವಾಕ್ಯವನ್ನು ತೆಗೆದುಹಾಕಿ ಬಹಳ ವರ್ಷಗಳಾದವು. ಓದಿದ ಮಕ್ಕಳಲ್ಲಿ ಕೆಲವು ಸಂಜೆಯವರೆಗೂ ತರಗತಿಯಲ್ಲೇ ಉಳಿಯುತ್ತಿದ್ದವು.

ಇಂಥ ಊರಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಇಪ್ಪತ್ತಾರು ವರ್ಷ ಟ್ಯುಟೋರಿಯಲ್ ನಡೆಸಿದ್ದೇನೆ. ಇಲ್ಲದವರು ಬಂದರೆ ತಪ್ಪಿಸಿಕೊಂಡು ಮಾತಾಡುವುದನ್ನು ಕಲಿಸುತ್ತಿದ್ದೆ: ಹಾಗೆ ಕಾಣುತ್ತದೆ, ಇದ್ದರೂ ಇರಬಹುದು, ಕೆಲವರು ಹೀಗನ್ನುತ್ತಾರೆ. ಇದ್ದವರು ಬಂದರೆ ಮೊದಲು ಕಾಗದ ಹುಟ್ಟಿಸಿಕೊಂಡು ಆಮೇಲೆ ಬಾಯಿ ತೆರೆಯುವುದನ್ನು ಕಲಿಸುತ್ತಿದ್ದೆ. ಎರಡರಲ್ಲೂ ನನಗೆ ಒಳ್ಳೆಯ ಹೆಸರಿತ್ತು. ಮೂರನೆಯ ದಾರಿಯೂ ಒಂದಿದೆ. ಹೇಳಿದ್ದನ್ನು ವಾಪಸ್ಸು ತೆಗೆದುಕೊಂಡೆ ಎನ್ನುವ ಎರಡು ಮಾತಿನ ಇಂಗ್ಲಿಷ್ ವಾಕ್ಯ. ಅದನ್ನು ಹೇಳಿದ ಕ್ಷಣವೇ ಕಾಲು ಬಿಡುತ್ತದೆ. ಆದರೆ ಹಾಗೆ ಮಾತು ನುಂಗಿದವನ ಇಂಗ್ಲಿಷನ್ನು ಆಮೇಲೆ ಯಾವ ಕಚೇರಿಯೂ ಬರೆದುಕೊಳ್ಳುವುದಿಲ್ಲ, ಬೀದಿಯಲ್ಲಿ ಅವನನ್ನು ಮನುಷ್ಯನೆಂದು ಎಣಿಸುವುದಿಲ್ಲ. ಒಂಬತ್ತು ದಿನ ಬಿಸಿಲಲ್ಲಿ ನಿಂತು ಸತ್ತವರಿದ್ದಾರೆ, ನುಂಗಿದವರನ್ನು ನಾನು ಕಂಡಿರಲಿಲ್ಲ. ಆ ವಾಕ್ಯವನ್ನು ನಾನೂ ಯಾರಿಗೂ ಕಲಿಸಿರಲಿಲ್ಲ. ಪುಸ್ತಕದಲ್ಲಿ ಬಿಟ್ಟರೆ ಅದು ನಮ್ಮೂರಲ್ಲಿ ಎಲ್ಲೂ ಇರಲಿಲ್ಲ.

ಊರಿಗೆ ಇರುವುದು ಒಂದೇ ಆಸ್ಪತ್ರೆ, ಒಬ್ಬರೇ ಡಾಕ್ಟರು, ಶೇಷಗಿರಿ ಅಂತ. ಕೆಟ್ಟವರಲ್ಲ. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಲಾರೆ, ಕನ್ನಡದಲ್ಲಿ ಹೇಳುತ್ತೇನೆ. ಅವರ ಇಪ್ಪತ್ತೈದು ವರ್ಷದ ಸೇವೆಗೆ ಪುರಭವನದಲ್ಲಿ ಸನ್ಮಾನವಿತ್ತು. ಉತ್ತರವಾಗಿ ಇಂಗ್ಲಿಷಿನಲ್ಲಿ ಮಾತಾಡಬೇಕು ಎಂದು ನನ್ನನ್ನು ಕರೆಸಿದ್ದರು. ಆಸ್ಪತ್ರೆಯ ಹಿಂದೆಯೇ ಅವರ ಬಂಗಲೆ, ನಡುವೆ ಒಂದು ಅಂಗಳ. ಜಗಲಿಯ ಮೇಲೆ ದಿನಾ ಮಧ್ಯಾಹ್ನ ಪಾಠ ನಡೆಯುತ್ತಿತ್ತು. ಅವರು ಬರೆದಿಟ್ಟುಕೊಂಡಿದ್ದ ಭಾಷಣದಲ್ಲಿ ಒಂದು ವಾಕ್ಯ: ನನಗೆ ತಿಳಿದಮಟ್ಟಿಗೆ ಈ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಒಬ್ಬ ತಾಯಿಯೂ ಸತ್ತಿಲ್ಲ. ನಾಲ್ಕನೆಯ ದಿನ ನಾನು ಪೆನ್ಸಿಲಿನಿಂದ ‘ನನಗೆ ತಿಳಿದಮಟ್ಟಿಗೆ’ ಎಂಬುದನ್ನು ಹೊಡೆದುಹಾಕಿದೆ. ಮಾತಿಗೆ ತೂಕ ಬರುವುದಿಲ್ಲ, ನಿಮ್ಮಂಥವರು ಅಳುಕಬಾರದು ಎಂದೆ. ಕಲಿಸುವವನಿಗೂ ಒಂದು ಅಮಲು ಇರುತ್ತದೆ. ಇಪ್ಪತ್ತಾರು ವರ್ಷ ಬಡಪಾಯಿಗಳಿಗೆ ಇರಬಹುದು ಇರಬಹುದು ಎಂದು ಹೇಳಿಕೊಟ್ಟ ನನಗೆ, ಒಂದು ಗಟ್ಟಿ ವಾಕ್ಯವನ್ನು ಗಟ್ಟಿಯಾಗಿ ಕೇಳುವ ಚಪಲ ಹುಟ್ಟಿತ್ತು.

ಡಾಕ್ಟರು ಎದ್ದು ನಿಂತು, ಎದೆ ಸೆಟೆಸಿ ಹೇಳಿದರು. ಚೆನ್ನಾಗಿಯೇ ಬಂತು. ನಾನು ಭೇಷ್ ಎಂದೆ. ಆಮೇಲೆ ಅವರು ಕುರ್ಚಿಯ ಕಡೆ ತಿರುಗಲು ಹೋಗಿ ತಿರುಗಲಾರದೆ ಉಳಿದರು. ಇಬ್ಬರೂ ನಕ್ಕೆವು. ಇಪ್ಪತ್ತೈದು ವರ್ಷದ ಲೆಕ್ಕಕ್ಕೆ ಯಾರದೋ ಒಂದು ‘ಕಂಡೆ’ ಸಾಲದು, ಕಾಗದವೇ ಬೇಕು. ಆಸ್ಪತ್ರೆಯ ಹೆರಿಗೆ ರಿಜಿಸ್ಟರು ಇದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಹೇಳಬೇಕಿತ್ತು. ಹುಡುಗಾಟಿಕೆಯಲ್ಲಿ ಇಬ್ಬರೂ ಮರೆತಿದ್ದೆವು. ರಿಜಿಸ್ಟರು ಆಫೀಸಿನ ಬೀರುವಿನಲ್ಲಿ, ಬೀರುವಿನ ಕೀಲಿ ಹೆಡ್ ಕ್ಲಾರ್ಕ್ ಅನಂತಪ್ಪನ ಸೊಂಟದಲ್ಲಿ, ಅನಂತಪ್ಪ ಅವನ ನಾದಿನಿಯ ನಿಶ್ಚಿತಾರ್ಥದಲ್ಲಿ. ನಾನು ಹೋಗಿ ಕರೆತರುತ್ತೇನೆ ಎಂದು ಚಪ್ಪಲಿ ಮೆಟ್ಟುತ್ತಿದ್ದೆ. ಆಗಲೇ ಪುಟ್ಟನರಸಮ್ಮ ಅಂಗಳ ದಾಟಿ ಓಡಿ ಬಂದಳು.

ಪುಟ್ಟನರಸಮ್ಮ ಆಸ್ಪತ್ರೆಯ ಆಯಾ. ಇಪ್ಪತ್ತೆರಡು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಇದ್ದವಳು. ಕೆಲಸ ಮುಗಿದ ಮೇಲೆ ನಮ್ಮ ನಾಲ್ಕು ಬೀದಿಗಳಲ್ಲಿ ಹುಟ್ಟಿದ ಕೂಸುಗಳಿಗೆ ಎರೆಯುವುದು ಅವಳದೇ ಪಾಲು. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಕೈಯಲ್ಲೇ ಬಿಸಿ ನೋಡಿ ನೀರು ಹುಯ್ಯುವಳು. ಅವಳ ಕಾಲ ಮೇಲೆ ಅಳು ನಿಲ್ಲಿಸದ ಮಗುವಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು, ಕನ್ನಡದಲ್ಲಿ. ನನ್ನ ಮಗಳು ಅಂಬುಜಾಗೂ ಎರೆದವಳು ಅವಳೇ. ಅದಕ್ಕೆಂದು ಅವಳು ಯಾರಲ್ಲೂ ಏನೂ ಕೇಳುತ್ತಿರಲಿಲ್ಲ. ಕರೆದರೆ ಸಾಕಿತ್ತು. ಗಂಡ ಮಕ್ಕಳು ಇಲ್ಲದವಳಿಗೆ ಹಾಗೆ ಕರೆಸಿಕೊಳ್ಳುವುದೇ ಬದುಕಾಗಿತ್ತು.

ಮೆಟ್ಟಿಲ ಕೆಳಗೆ ನಿಂತು, ಏದುಸಿರು ಬಿಡುತ್ತಾ ಹೇಳಿದಳು, “ಡಾಕ್ಟ್ರೇ, ಬಳೆ ಅಂಗಡಿ ತುಳಸಿಗೆ ಹೆರಿಗೆ ಆಯ್ತು, ರಕ್ತ ನಿಲ್ತಾ ಇಲ್ಲ. ಬೇಗ ಬನ್ನಿ.”

ಡಾಕ್ಟರು ನಡಿ, ಬಂದೆ ಎಂದರು. ನಾನು ಅಷ್ಟರಲ್ಲಿ ಒಂದು ಕೆಲಸ ಮಾಡಿದ್ದೆ. ಅವಳ ಕಣ್ಣು ಅವರ ಕಾಲ ಕಡೆ ಹೋಗುವ ಮೊದಲೇ ಅಡ್ಡ ನಿಂತಿದ್ದೆ. ಊರಿನ ಡಾಕ್ಟರು ಆಧಾರವಿಲ್ಲದೆ ಮಾತಾಡಿ ಕಾಲು ಹಿಡಿಸಿಕೊಂಡರು ಎಂದು ವಾರ್ಡಿನಲ್ಲಿ ಸುದ್ದಿಯಾದರೆ, ಕಲಿಸಿದ ಮೇಷ್ಟ್ರ ಮಾನವೂ ಹೋಗುತ್ತದಲ್ಲ. ಹೀಗಾಗಿದೆ ಎಂದು ಒಂದು ಮಾತು ಹೇಳಿದ್ದರೆ ಅವಳು ತುಳಸಿಯನ್ನು ಸ್ಟ್ರೆಚರ್ ಮೇಲೆ ಹಾಕಿಕೊಂಡು ಜಗಲಿಗೇ ತಂದುಬಿಡುತ್ತಿದ್ದಳು. ಅಂಗಳ ನಲವತ್ತು ಹೆಜ್ಜೆ. ಎಷ್ಟೋ ಸಲ ಎಣಿಸಿದ್ದೇನೆ. ಅದಕ್ಕಿಂತ ಸುಲಭವಾಗಿ, ಎರಡು ಮಾತಿನ ಆ ವಾಕ್ಯವನ್ನು ಅವರ ಕಿವಿಯಲ್ಲಿ ಹೇಳಿಕೊಟ್ಟಿದ್ದರೆ ಅವರೇ ನಡೆದು ಹೋಗುತ್ತಿದ್ದರು. ನನಗದು ಹೊಳೆಯಲೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಳೆದಿತ್ತು. ಅವರ ಮುಖ ನೋಡಿದೆ, ಅವರಿಗೂ ಹೊಳೆದಿತ್ತು. ಇಬ್ಬರೂ ಬೇರೆ ಕಡೆ ನೋಡಿದೆವು.

ಪುಟ್ಟನರಸಮ್ಮ ಹಿಂದಕ್ಕೆ ಓಡಿದಳು. ನಾನು ನಿಶ್ಚಿತಾರ್ಥದ ಮನೆಗೆ ಹೋದೆ. ಅನಂತಪ್ಪ ಪಂಕ್ತಿಯಲ್ಲಿ ಕೂತಿದ್ದ, ಎಲೆಗೆ ಆಗತಾನೆ ಅನ್ನ ಬಿದ್ದಿತ್ತು. ಬೀಗರ ನಡುವೆ ಊಟಕ್ಕೆ ಕೂತವನನ್ನು ಎಬ್ಬಿಸಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಗುಟ್ಟು ಬಯಲಾಗುತ್ತದೆ. ನಾನು ಗೋಡೆಗೆ ಒರಗಿ ಕಾದೆ. ನನಗೂ ಒಂದು ಎಲೆ ಹಾಕಿದರು. ಬೇಡವೆಂದೆ, ಬಲವಂತ ಮಾಡಿದರು, ಕೂತೆ. ಪಾಯಸ ಬರುವವರೆಗೂ ಉಂಡೆ. ಇದನ್ನು ಈವರೆಗೆ ನನ್ನ ಹೆಂಡತಿಗೂ ಹೇಳಿಲ್ಲ.

ರಿಜಿಸ್ಟರು ತಂದು ಡಾಕ್ಟರ ಕೈಗಿಟ್ಟಾಗ ಒಂದೂಕಾಲು ಗಂಟೆ ಕಳೆದಿತ್ತು. ಪುಟ್ಟನರಸಮ್ಮ ಇನ್ನೂ ಎರಡು ಸಲ ಬಂದಿದ್ದಳಂತೆ, ಡಾಕ್ಟರು ಕೈಗೆಟುಕಿದ ಕುರ್ಚಿಯನ್ನು ಕಾಲಿಗೆ ಅಡ್ಡ ಎಳೆದುಕೊಂಡು ಬಂದೆ ಬಂದೆ ಎಂದಿದ್ದರಂತೆ, ಕೊನೆಯ ಸಲ ಮೆಟ್ಟಿಲಿಗೆ ತಲೆ ಚಚ್ಚಿಕೊಂಡಿದ್ದಳಂತೆ. ಡಾಕ್ಟರು ರಿಜಿಸ್ಟರಿನ ಮೇಲೆ ಕೈಯಿಟ್ಟರು, ಕಾಲು ಬಿಟ್ಟಿತು, ಓಡಿದರು. ನಿಜವಾಗಿಯೂ ಓಡಿದರು, ಚಪ್ಪಲಿಯಿಲ್ಲದೆ. ತುಳಸಿಯ ಜೀವ ಹೋಗಿ ಹತ್ತು ನಿಮಿಷವಾಗಿತ್ತಂತೆ. ಹೆಣ್ಣು ಮಗು ಉಳಿದಿತ್ತು.

ಅವರು ತಿರುಗಿ ಬಂದು ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ಆಮೇಲೆ ಅದೇ ರಿಜಿಸ್ಟರನ್ನು ತೆರೆದು ನನ್ನ ಮುಂದಿಟ್ಟರು. ತುಳಸಿಯ ಸಾವನ್ನು ಇದ್ದಂತೆ ಬರೆದರೆ ಅವರ ವಾಕ್ಯದ ಆಧಾರ ಕುಸಿಯುತ್ತದೆ, ಎಲ್ಲಿದ್ದರೆ ಅಲ್ಲೇ ಮತ್ತೆ ಕಾಲು ಹಿಡಿಯುತ್ತದೆ, ಈ ಸಲ ಬಿಡಿಸಲು ಕಾಗದವೇ ಇರುವುದಿಲ್ಲ. ಏನು ಬರೆಯಬೇಕೆಂದು ಅವರು ಹೇಳಿದರು. ಮನೆಯಲ್ಲೇ ಹೆರಿಗೆಯಾಗಿ, ಕೈಮೀರಿದ ಮೇಲೆ ತಂದರು. ಆಯಾ ಸಕಾಲದಲ್ಲಿ ಡಾಕ್ಟರಿಗೆ ತಿಳಿಸಲಿಲ್ಲ. ನಾನು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದೆ.

“ಅಂಬುಜಾಗೆ ಈಗ ಎಷ್ಟು ತಿಂಗಳು, ಮೇಷ್ಟ್ರೇ?” ಎಂದು ಡಾಕ್ಟರು ಕೇಳಿದರು.

ಎಂಟು ತುಂಬಿತ್ತು. ಚೊಚ್ಚಲು. ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಳು. ಕಾಲು ಊದಿಕೊಂಡು, ರಕ್ತದೊತ್ತಡ ಏರಿ, ಹೆರಿಗೆ ಕಷ್ಟವಾಗಬಹುದು ಎಂದು ಅವರೇ ಹೇಳಿದ್ದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆಯಂತಿತ್ತು. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಹೇಳಿದ ಎರಡು ವಾಕ್ಯ ಸಡಿಲವಾಗಿದ್ದವು, ಬಿಗಿ ಮಾಡಿದೆ. ರಿಜಿಸ್ಟರಿಗೆ ಇಳಿಸಿದ ಅಕ್ಷರ ಅನಂತಪ್ಪನದು, ರುಜು ಡಾಕ್ಟರದು, ಇಂಗ್ಲಿಷು ನನ್ನದು.

ಮಾರನೆಯ ದಿನ ಪುಟ್ಟನರಸಮ್ಮನನ್ನು ಕೆಲಸದಿಂದ ತೆಗೆದರು. ಅದಕ್ಕೆ ಅವಳು ಅಳಲಿಲ್ಲ. ಮೂರನೆಯ ದಿನ ಹೂವಿನ ಬೀದಿಯಲ್ಲಿ ಒಂದು ಮಗು ಹುಟ್ಟಿತು. ಎರೆಯಲು ಅವಳು ತಾನಾಗಿಯೇ ಹೋದರೆ ಬಚ್ಚಲ ಬಾಗಿಲು ಮುಚ್ಚಿದರು. ಆಯಾ ತಿಳಿಸಲಿಲ್ಲ ಎಂಬುದನ್ನಷ್ಟೇ ಕೇಳಿದ್ದ ತುಳಸಿಯ ಗಂಡ ಮುನಿಶಾಮಿ ನಡುಬೀದಿಯಲ್ಲಿ ಅವಳ ಮುಂದೆ ಕೈ ಮುಗಿದು, ನನ್ನ ಹೆಂಡತಿ ಸಾಯುವಾಗ ನೀನು ಎಲ್ಲಿ ಮಲಗಿದ್ದೆಯಮ್ಮ ಎಂದು ಕೇಳಿದನಂತೆ. ಅವನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅಂದು ಸಂಜೆ ನನ್ನ ಮನೆಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ಕೂತಳು.

“ನೀವು ಅಲ್ಲೇ ಇದ್ರಲ್ಲ ಮೇಷ್ಟ್ರೇ. ನಾನು ಕರೆದದ್ದು ನಿಮ್ಮ ಕಿವಿಗೆ ಬಿತ್ತಲ್ಲ,” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಸ್ಪತ್ರೆ ಗೇಟಿನಲ್ಲಿ ಎಲ್ಲರ ಮುಂದೆ, ಅನಂತಪ್ಪನಿಗೆ ಕೇಳುವ ಹಾಗೆ ಇಂಗ್ಲಿಷಿನಲ್ಲೇ ಹೇಳುತ್ತೇನೆ, ಕನ್ನಡದಲ್ಲಿ ಹೇಳಿ ಹೇಳಿ ಬಾಯಿ ನೋಯಿತು, ನೆಲ ನನ್ನ ಕಾಲು ಹಿಡಿದಾಗ ನೀವು ಬಂದು ಕೇಳಿಸಿತ್ತು ಅಂತ ಒಂದು ಮಾತು ಹೇಳಿದರೆ ಸಾಕು ಎಂದಳು. ನಾನು ನೋಡೋಣ ಎಂದೆ. ನಮ್ಮ ಕಡೆ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅವಳಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ನನ್ನ ಮಗಳಿಗೆ ಎರೆದ ಸಲುಗೆಯಿಂದ ಅದನ್ನು ಹೂಂ ಎಂದೇ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಹತ್ತು ಗಂಟೆಗೆ ಗೇಟಿನ ಮುಂದೆ ನಿಂತು ಹೇಳಿದಳು, “ಐ ಕಾಲ್. ತ್ರೀ ಟೈಮ್ ಕಾಲ್. ಡಾಕ್ಟರ್ ನಾಟ್ ಕಮ್.” ವಾರ್ಡಿನಲ್ಲಿ ಕೇಳಿ ಕೇಳಿ ಕಲಿತ ಇಂಗ್ಲಿಷು. ನಾನು ಯಾವತ್ತೂ ಪಾಸು ಮಾಡದ ಇಂಗ್ಲಿಷು. ನೆಲಕ್ಕೆ ವ್ಯಾಕರಣ ಬೇಕಿಲ್ಲ, ಗಪ್ಪನೆ ಹಿಡಿದುಕೊಂಡಿತು. ಗುಂಪು ಕೂಡಿತು. ಅವಳು ಕತ್ತು ಎತ್ತಿ ಎತ್ತಿ ಗುಂಪಿನಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಾನು ಎದುರಿನ ಬೀಡಾ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಯಾರು ಬೇಕಾದರೂ ಕೇಳಿಸಿತ್ತು ಎನ್ನಬಹುದಿತ್ತು, ನೆಲ ವಿಚಾರಿಸುವುದಿಲ್ಲ ಎಂದೆನಲ್ಲ. ಆದರೆ ಎಲ್ಲರ ಮನೆಯಲ್ಲೂ ಒಬ್ಬರಲ್ಲ ಒಬ್ಬರಿಗೆ ಜ್ವರ, ಬಸಿರು, ಕೆಮ್ಮು. ಊರಿಗೆ ಒಬ್ಬರೇ ಡಾಕ್ಟರು. ನಾನು ಅಂಗಡಿಯ ಮರೆಯಿಂದಲೇ ಮನೆಗೆ ಹೋದೆ.

ಮೂರು ದಿನ ನಿಂತಳು. ಊರು ನಿಂತವರಿಗೆ ಮಾಡಬೇಕಾದ್ದನ್ನು ಮಾಡಿತು. ಯಾರೋ ಸ್ಟೂಲು ತಂದಿಟ್ಟರು, ಯಾರೋ ಛತ್ರಿ ಕಟ್ಟಿದರು, ಹೊತ್ತಿಗೆ ಸರಿಯಾಗಿ ಸೀರೆ ಅಡ್ಡ ಹಿಡಿದರು. ಮುದ್ದೆ ತಂದವರು ಅವಳ ಮುಂದಿಟ್ಟು, ಅವಳ ಮುಖ ನೋಡದೆ, ಪಾದ ನೋಡಿ ಹೋಗುತ್ತಿದ್ದರು. ಎರಡನೆಯ ದಿನಕ್ಕೆ ಪಾದ ಊದಿ ಕಾಲಿಗೆ ಕಟ್ಟಿದ್ದ ಕಪ್ಪು ದಾರ ಮಾಂಸದೊಳಗೆ ಹೂತುಹೋಯಿತು. ಮೂರನೆಯ ದಿನ ಹಿಮ್ಮಡಿ ಒಡೆದು ಕೀವು ಬಂತು. ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಹೆಂಗಸಿನ ಕಾಲು ಕೊಳೆಯುತ್ತಿತ್ತು, ಒಳಗಿನಿಂದ ಯಾರೂ ಒಂದು ತುಂಡು ಬ್ಯಾಂಡೇಜು ತರಲಿಲ್ಲ. ಸನ್ಮಾನಕ್ಕೆ ಇನ್ನು ಎರಡು ದಿನವಿತ್ತು. ಸಮಿತಿಯವರ ಕಾರು ಅದೇ ಗೇಟಿನಿಂದ ಬರಬೇಕಿತ್ತು.

ಡಾಕ್ಟರು ನನ್ನನ್ನು ಕರೆಸಿದರು. ಆಕೆ ಹೀಗೇ ನಿಂತರೆ ನಾಳೆ ನಾಡಿದ್ದರಲ್ಲಿ ಸಾಯುತ್ತಾಳೆ, ನೀವೇ ಏನಾದರೂ ಮಾಡಿ ಎಂದರು. ಅದು ನಿಜವೇ. ಅವಳನ್ನು ಬದುಕಿಸಲು ಹೊರಟಿದ್ದೇನೆ ಎಂದು ನಾನು ದಾರಿಯುದ್ದಕ್ಕೂ ನಂಬಿಕೊಂಡು ಹೋದೆ. ನಂಬಿಕೆ ಕನ್ನಡದಲ್ಲಿತ್ತು.

ನನ್ನನ್ನು ಕಂಡೊಡನೆ ಪುಟ್ಟನರಸಮ್ಮನ ಮುಖ ಅರಳಿತು. “ಬಂದ್ರಾ? ಬರ್ತೀರಾ ಅಂತ ಗೊತ್ತಿತ್ತು. ಅಂಬುಜಮ್ಮ ಹೆಂಗವ್ಳೆ?” ಎಂದಳು. ಗೇಟಿನೊಳಗಿನಿಂದ ಅನಂತಪ್ಪ ಕಾಗದ ಹಿಡಿದು ಬಂದು ನಿಂತ. ಸುತ್ತ ಹತ್ತಿಪ್ಪತ್ತು ಜನ. ನಾನು ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತು, ನಾನು ಹೇಳಿದರೆ ಸಾಲದು, ನಿನ್ನ ಬಾಯಿಂದಲೂ ಆಧಾರದ ಮಾತೊಂದು ಬರಬೇಕು, ಹೇಳಿಕೊಡುತ್ತೇನೆ, ಹಾಗೇ ಹೇಳು ಎಂದೆ. ಅವಳು ಮಕ್ಕಳ ಹಾಗೆ ತಲೆಯಾಡಿಸಿದಳು.

“ಐ ರಿಟ್ರ್ಯಾಕ್ಟ್,” ಎಂದೆ.

ಆ ಎರಡು ಮಾತಿನ ಅರ್ಥ ಆ ಗುಂಪಿನಲ್ಲಿ ಯಾರಿಗೂ ತಿಳಿದಿರಲಿಲ್ಲ, ಅನಂತಪ್ಪನ ಹೊರತು. ಅವನು ಮುಖ ಮೇಲೆತ್ತಿ ನನ್ನನ್ನು ನೋಡಿ, ಪುನಃ ಕಾಗದ ನೋಡಿಕೊಂಡ. ಪುಟ್ಟನರಸಮ್ಮನಿಗೆ ನಾಲಿಗೆ ತಿರುಗಲಿಲ್ಲ. ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಬಿಡಿಸಿ ಬಿಡಿಸಿ, ಒಂದನೇ ತರಗತಿಯವರಿಗೆ ಹೇಳಿಕೊಡುವಂತೆ, ತಾಳ್ಮೆಯಿಂದ ಹೇಳಿಕೊಟ್ಟೆ. ಇಷ್ಟು ಚೆನ್ನಾಗಿ ನಾನು ಯಾರಿಗೂ ಪಾಠ ಹೇಳಿದ್ದಿಲ್ಲ. ಮೂರನೆಯ ಸಲಕ್ಕೆ ಅವಳು ಕೈ ಮುಗಿದುಕೊಂಡು, ಕಣ್ಣು ಮುಚ್ಚಿ, ಗಟ್ಟಿಯಾಗಿ ಹೇಳಿದಳು. ನೆಲ ಬಿಟ್ಟಿತು.

ಬಿದ್ದುಬಿಡುತ್ತಿದ್ದಳು, ಹಿಡಿದುಕೊಂಡೆ. ಅವಳು ಅಳುತ್ತಾ ನಗುತ್ತಾ ನನ್ನ ಕೈ ಎರಡನ್ನೂ ಕಣ್ಣಿಗೊತ್ತಿಕೊಂಡಳು. ನನ್ನ ಮಾತು ನಿಂತಿತು ಮೇಷ್ಟ್ರೇ, ಅದಕ್ಕೆ ಆಧಾರ ಕೊಟ್ಟಿರಿ, ನಿಮ್ಮ ಮನೆ ತಣ್ಣಗಿರಲಿ ಎಂದಳು. ಗಾಡಿ ಹತ್ತಿಸಲು ಹೋದವರನ್ನು ಬೇಡವೆಂದು, ಆ ಕಾಲಲ್ಲೇ ಕುಂಟುತ್ತಾ ಬೀದಿಯ ನಡುವೆ ನಡೆದು ಹೋದಳು. ತಲೆ ಎತ್ತಿಕೊಂಡು ಹೋದಳು. ಅನಂತಪ್ಪ ಬರೆದದ್ದರ ಕೆಳಗೆ ಸಾಕ್ಷಿಯೆಂದು ನಾನು ರುಜು ಹಾಕಿದೆ.

ಸನ್ಮಾನ ಚೆನ್ನಾಗಿ ನಡೆಯಿತು. ಡಾಕ್ಟರು ವಾಕ್ಯವನ್ನು ಹೇಳುವ ಮೊದಲು ರಿಜಿಸ್ಟರನ್ನೂ, ಅದರೊಳಗಿಟ್ಟ ಪುಟ್ಟನರಸಮ್ಮನ ಕಾಗದವನ್ನೂ ಮೇಜಿನ ಮೇಲಿಟ್ಟುಕೊಂಡಿದ್ದರು. ಹೇಳಿದ ಮೇಲೆ ವೇದಿಕೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಚಪ್ಪಾಳೆ ಬಿತ್ತು. ಆಯಾ ಮಾತು ನುಂಗಿದಳು ಎಂಬ ಸುದ್ದಿ ಅಷ್ಟರಲ್ಲಿ ಅನಂತಪ್ಪನ ಬಾಯಿಂದ ಊರೆಲ್ಲ ಹರಡಿತ್ತು. ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ, ಯಾಕೆಂದರೆ ಅವಳೊಡನೆ ಯಾರೂ ಮಾತಾಡುತ್ತಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಅಂಬುಜಾಗೆ ನೋವು ಬಂತು. ಕಷ್ಟದ ಹೆರಿಗೆಯೇ ಆಯಿತು. ಡಾಕ್ಟರು ಐದು ಗಂಟೆ ಕಾಲ ಅವಳ ಮಂಚ ಬಿಟ್ಟು ಕದಲಲಿಲ್ಲ. ತಾಯಿ ಮಗು ಇಬ್ಬರೂ ಉಳಿದರು. ಅದಕ್ಕೆ ನಾನು ಕೃತಜ್ಞ, ಈಗಲೂ ಕೃತಜ್ಞ. ಈ ಒಂದನ್ನು ನಾನು ಇಂಗ್ಲಿಷಿನಲ್ಲೂ ಹೇಳಬಲ್ಲೆ. ಆಧಾರ ನಮ್ಮ ಮನೆಯ ತೊಟ್ಟಿಲಲ್ಲಿದೆ.

ಮಗುವನ್ನು ಮನೆಗೆ ತಂದ ಮಾರನೆಯ ದಿನ ಬೆಳಿಗ್ಗೆ ಪುಟ್ಟನರಸಮ್ಮ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹರಳೆಣ್ಣೆಯ ಗಿಂಡಿ, ಕಂಕುಳಲ್ಲಿ ಸೀಗೆಪುಡಿಯ ಗಂಟು. ಒಂದು ಪಾದ ಸೊಟ್ಟಗೆ ನಿಲ್ಲುತ್ತಿತ್ತು. ಮುಖದಲ್ಲಿ ಮಾತ್ರ ಸಂಭ್ರಮ. ಬೀದಿಯ ಜನಕ್ಕೆ ಇನ್ನೂ ಮನಸ್ಸು ತಿಳಿಯಾಗಿಲ್ಲ, ಆಗುತ್ತದೆ ಬಿಡಿ, ಮೊದಲ ನೀರು ನಮ್ಮ ಅಂಬುಜಮ್ಮನ ಕೂಸಿಗೇ ಎರೆಯುತ್ತೇನೆ ಎಂದು ಹೊಸ್ತಿಲ ಮೇಲೆ ಗಿಂಡಿ ಇಟ್ಟಳು. ಒಲೆಯ ಮೇಲೆ ನೀರು ಕಾಯುತ್ತಿತ್ತು. ಒಳಗೆ ಮಗು ಅಳುತ್ತಿತ್ತು.

ನನ್ನ ಹೆಂಡತಿ ವಿಶಾಲು ನಡುಮನೆಯಿಂದ ಬಂದವಳು ಅಲ್ಲೇ ನಿಂತಳು. ಅವಳು ಕೆಟ್ಟವಳಲ್ಲ. ಊರೆಲ್ಲ ಏನು ಹೇಳಿದರೂ ಪುಟ್ಟನರಸಮ್ಮ ಅಂಥವಳಲ್ಲ ಎಂದು ಎರಡು ಸಲ ನನ್ನ ಮುಂದೆ ಅಂದಿದ್ದಳು. ಆಗೆಲ್ಲ ನಾನು ಪೇಪರು ಓದುತ್ತಿದ್ದೆ. ಈಗ ಅವಳು ನೇರವಾಗಿ ನನ್ನನ್ನೇ ಕೇಳಿದಳು.

“ರೀ, ಅವತ್ತು ಮಧ್ಯಾಹ್ನ ನೀವು ಬಂಗಲೆಯಲ್ಲಿದ್ರಲ್ಲ. ಇವಳು ಬಂದು ಕರೆದಳೋ ಇಲ್ವೋ? ನೀವು ಹೂಂ ಅಂದ್ರೆ ಸಾಕು, ನಾನು ಮಗು ಕೊಡ್ತೀನಿ. ಊರು ಏನಾದ್ರೂ ಅಂದುಕೊಳ್ಳಲಿ.”

ಕೇಳಿದ್ದು ಕನ್ನಡದಲ್ಲಿ. ಉತ್ತರವೂ ಕನ್ನಡದಲ್ಲೇ ಸಾಕಿತ್ತು. ಬರೆದುಕೊಳ್ಳಲು ಅನಂತಪ್ಪ ಇರಲಿಲ್ಲ. ಹೂಂ ಅಂದಿದ್ದರೆ ಮಗುವಿಗೆ ನೀರು ಎರೆಯುತ್ತಿದ್ದರು, ಅಷ್ಟೆ. ಆದರೆ ಹೂಂ ಅಂದರೆ ವಿಶಾಲು ಅಲ್ಲಿಗೆ ನಿಲ್ಲಿಸುವವಳಲ್ಲ. ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಎನ್ನುತ್ತಾಳೆ, ಗೇಟಿನಲ್ಲಿ ಏನು ಹೇಳಿಕೊಟ್ಟಿರಿ ಎನ್ನುತ್ತಾಳೆ, ಪಾಯಸದವರೆಗೂ ಹೋಗುತ್ತದೆ. ಪುಟ್ಟನರಸಮ್ಮ ನಗುತ್ತಲೇ ನನ್ನ ಮುಖ ನೋಡುತ್ತಿದ್ದಳು. ಉತ್ತರ ಏನೆಂದು ಅವಳಿಗೆ ಅನುಮಾನವೇ ಇರಲಿಲ್ಲ.

“ನನಗೇನು ಗೊತ್ತು,” ಎಂದೆ. “ನಾನು ಪಾಠದಲ್ಲಿದ್ದೆ.”

ವಿಶಾಲು ನನ್ನನ್ನು ನೋಡಿ, ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಪುಟ್ಟನರಸಮ್ಮನ ನಗು ಬಾಯ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿದಿತ್ತು. ಅವಳು ಲೆಕ್ಕ ಹಾಕುತ್ತಿದ್ದಳು ಎಂದು ಕಾಣುತ್ತದೆ. ಮುಚ್ಚಿದ ಬಚ್ಚಲುಗಳು, ಮಾತಾಡದ ಬೀದಿ, ಅನಂತಪ್ಪನ ಕಾಗದ.

“ಹಂಗಾದ್ರೆ ಅವತ್ತು ಗೇಟಲ್ಲಿ ನನ್ನ ಬಾಯಲ್ಲಿ ಏನ್ ಹೇಳಿಸಿದ್ರಿ, ಮೇಷ್ಟ್ರೇ?”

ನಮ್ಮೂರಿನಲ್ಲಿ ಕನ್ನಡದಲ್ಲಿ ಮಾತಾಡಿದವನ ಕಾಲನ್ನು ಯಾರೂ ನೋಡುವುದಿಲ್ಲ. ಅವಳು ನೋಡಿದಳು. ಕತ್ತು ಬಗ್ಗಿಸಿ, ನನ್ನ ಎರಡೂ ಪಾದಗಳನ್ನು ನೋಡುತ್ತಾ ನಿಂತಳು, ಏನೋ ಆಗಬಹುದೆಂದು ಕಾಯುವವಳ ಹಾಗೆ. ನಾನೂ ನೋಡಿಕೊಂಡೆ. ಒಳಗೆ ಮಗುವಿನ ಅಳು ಜೋರಾಯಿತು. ಕಾಲು ಎತ್ತಿದೆ. ಸಲೀಸಾಗಿ ಬಂತು. ನಾನು ಒಳಗೆ ಹೋದೆ.